ತೊಳೆದರೂ ಹೋಗದ ಮನೆ

ಜಮಖಂಡಿಯ ಸಂಘಮಿತ್ರಾಳಿಗೆ ಒಂದೆಡೆ ಕೂತು ಗೊತ್ತಿರಲಿಲ್ಲ. ಶಾಲೆಯಲ್ಲಿದ್ದಾಗ ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳು ಜಾಗ ಬಿಟ್ಟು ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ಬಿ.ಕಾಂ. ಮುಗಿದ ಮೇಲೆ ಕಂಪ್ಯೂಟರ್ ಕಲಿತಳು. ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಅದನ್ನೇ ಕಲಿಸಿದಳು. ಅದು ಬೇಸರವಾಗಿ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಟೈಪು ಮಾಡಲು ಹೋದಳು. ಅದನ್ನೂ ಬಿಟ್ಟು ಫ್ಲೆಕ್ಸ್ ಬೋರ್ಡಿನ ಅಂಗಡಿ ಸೇರಿಕೊಂಡಳು. ಹುಟ್ಟುಹಬ್ಬದ ಮುಖಂಡರ ಮುಖ ಕತ್ತರಿಸಿ, ಅದರ ಹಿಂದೆ ಸೂರ್ಯನ ಕಿರಣ ಹರಡಿಸಿ, ಕೆಳಗೆ ಹಿತೈಷಿಗಳ ಸಣ್ಣ ಸಣ್ಣ ಮುಖಗಳನ್ನು ಸಾಲಾಗಿ ಜೋಡಿಸುವ ಕೆಲಸ. ಕೈ ಪಳಗಿತು, ಮನಸ್ಸು ನಿಲ್ಲಲಿಲ್ಲ. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ತಯಾರಿಸಿದ ಬೋರ್ಡು ವಾರ ಕಳೆಯುವುದರೊಳಗೆ ಯಾರದೋ ಕೊಟ್ಟಿಗೆಯ ಮಾಡಿಗೆ ಹೊದಿಕೆಯಾಗಿರುತ್ತಿತ್ತು. ತಾನು ಮಾಡಿದ್ದು ನಾಲ್ಕು ದಿನ ಯಾರ ಮೈಮೇಲಾದರೂ ಉಳಿಯಬೇಕು ಎನ್ನುವ ಹಂಬಲ ಅಲ್ಲಿಂದಲೇ ಶುರುವಾಯಿತು.

ಕೋರ್ಟಿಗೆ ಹೋಗುವ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಪಕ್ಕ ಒಂದು ಕೋಣೆ ಹಿಡಿದು, ಟೀ ಶರ್ಟಿನ ಮೇಲೆ ಬೇಕಾದ ಚಿತ್ರ, ಬೇಕಾದ ಹೆಸರು ಹಾಕಿಕೊಡುತ್ತೇನೆಂದು ಅವಳು ಬೋರ್ಡು ಬರೆಸಿದಾಗ ಮನೆಯಲ್ಲಿ ಯಾರಿಗೂ ಸರಿಬರಲಿಲ್ಲ. ಅಪ್ಪ ಹಣಮಪ್ಪ ಮುಳುಗಡೆ ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಆಲಮಟ್ಟಿಯ ಹಿನ್ನೀರು ಏರುವುದಕ್ಕೆ ಮೊದಲು ಹೊಳೆದಂಡೆಯ ಊರುಗಳಲ್ಲಿ ಮನೆ ಅಳೆಯುತ್ತಿದ್ದ ಸಾಹೇಬರ ಹಿಂದೆ ಟೇಪು, ಬಣ್ಣದ ಡಬ್ಬಿ ಹೊತ್ತು ತಿರುಗಿದವನು. ಅಣ್ಣ ಅಜಯ ವಿಜಯಪುರದಲ್ಲಿ ಬ್ಯಾಂಕಿನಲ್ಲಿದ್ದ.

"ನೌಕರಿ ಅಂದ್ರ ನಿನಗ ಆಟ ಆಗೇತಿ," ಎಂದ ಹಣಮಪ್ಪ. "ನಮ್ಮಪ್ಪ ಮಂದಿ ಹೊಲದಾಗ ದುಡದು ದುಡದು ಸತ್ತಾ. ತಿಂಗಳಾ ಪಗಾರ ಕೈಗಿ ಬರೂದಂದ್ರ ಏನಂತ ನಾ ಬಲ್ಲೆ. ನೀ ನೋಡಿದ್ರ ಅಂಗಿ ಮ್ಯಾಲ ಚಿತ್ರಾ ತಗೀತೀನಿ ಅಂತೀದಿ."

"ಒಂದ ವರ್ಷ ನೋಡತೀನಪಾ."

"ನೀ ಒಂದರಾಗ ಒಂದ ವರ್ಷ ನಿಂತದ್ದು ನಾನಂತೂ ನೋಡಿಲ್ಲ ಬಿಡವಾ."

ಆ ಮಾತು ಸಂಘಮಿತ್ರಾಳಿಗೆ ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಮೊದಲು ತಂದದ್ದು ಹೀಟ್ ಪ್ರೆಸ್. ಪ್ರಿಂಟರಿನಿಂದ ಕಾಗದದ ಮೇಲೆ ಚಿತ್ರ ತೆಗೆದು, ಅದನ್ನು ಅಂಗಿಯ ಮೇಲಿಟ್ಟು ಬಿಸಿ ಹಲಗೆಯಿಂದ ಒತ್ತಿದರೆ ಚಿತ್ರ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಒಂದೇ ಅಂಗಿಯಾದರೂ ಮಾಡಿಕೊಡಬಹುದು, ಎಷ್ಟು ಬಣ್ಣವಾದರೂ ಬರುತ್ತದೆ, ಕಾದು ಕೂತವರ ಕೈಗೇ ಕೊಟ್ಟು ಕಳಿಸಬಹುದು. ಅವಳ ಅವಸರದ ಸ್ವಭಾವಕ್ಕೆ ಹೇಳಿ ಮಾಡಿಸಿದಂಥ ಕೆಲಸ. ಕಾಲೇಜಿನ ಕ್ರಿಕೆಟ್ ಹುಡುಗರು ಬಂದು ಎದೆಯ ಮೇಲೆ ಹುಲಿಯ ಮುಖ ಬೇಕೆಂದರು. ಹಾಕಿಕೊಟ್ಟಳು. ಹುಲಿ ಘರ್ಜಿಸುವಂತೆ ಬಂದಿತ್ತು. ತಿಂಗಳಾಗುವ ಮೊದಲೇ ಅದೇ ಹುಡುಗರು ಗುಂಪಾಗಿ ವಾಪಸು ಬಂದರು. ಚಿತ್ರದ ತುಂಬ ಬಿಸಿಲಿಗೆ ಒಣಗಿದ ಕೆರೆಯಂತೆ ಬಿರುಕು. ಮೀಸೆ ಉದುರಿಹೋಗಿತ್ತು, ಒಂದು ಹಲ್ಲೂ ಇರಲಿಲ್ಲ.

"ಅಕ್ಕಾರ, ನೀವು ಹುಲಿ ಕೊಟ್ಟಿದ್ರಿ. ನಮ್ಮವ್ವ ಒಗದ ಮ್ಯಾಲ ಬೆಕ್ಕ ಆಗೇತ್ರಿ," ಎಂದ ಒಬ್ಬ. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಘಮಿತ್ರಾಳೂ ನಕ್ಕಳು. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಆ ಯಂತ್ರವನ್ನೇ ನೋಡುತ್ತ ನಿಂತಳು. ಅಪ್ಪನಿಗೆ ಈ ಸುದ್ದಿ ಮುಟ್ಟದಿದ್ದರೆ ಸಾಕಪ್ಪಾ ಅನ್ನಿಸಿತು.

ಅಂದಿನಿಂದ ಅವಳ ಕಣ್ಣಿಗೆ ಜಗತ್ತಿನಲ್ಲಿ ಬೆನ್ನುಗಳ ಹೊರತು ಬೇರೇನೂ ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಯಾರಾದರೂ ಬರಹವಿದ್ದ ಅಂಗಿ ಹಾಕಿಕೊಂಡು ಹೋದರೆ ಅವರ ಹಿಂದೆಯೇ ಹೋಗುತ್ತಿದ್ದಳು. ಬಣ್ಣ ಬಟ್ಟೆಯ ಮೇಲೆ ಕೂತಿದೆಯೋ, ಬಟ್ಟೆಯೊಳಗೆ ಇಳಿದಿದೆಯೋ? ಅಂಚು ಎದ್ದಿದೆಯೋ? ಒಮ್ಮೆ ಮುಧೋಳದ ಬಸ್ಸು ಹತ್ತುವಾಗ ಮೈಮರೆತು ಮುಂದಿದ್ದವನ ಬೆನ್ನನ್ನು ಬೆರಳಿನಿಂದ ಮುಟ್ಟಿಯೇ ಬಿಟ್ಟಳು. ಅವನು ಗಾಬರಿಯಾಗಿ ತಿರುಗಿ, "ಏನ್ರೀ ಇದು?" ಎಂದ. "ಹುಳಾ ಇತ್ರಿ," ಎಂದು ಹೇಳಿ ಪಾರಾದಳು.

ಯಾರೋ ಹೇಳಿದರೆಂದು ಬನಹಟ್ಟಿಗೆ ಹೋದಳು. ಮಗ್ಗಗಳ ಸದ್ದಿನ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ನೀಲಕಂಠ ಎನ್ನುವ ಹಿರಿಯರು ಮದುವೆಯ ಬಟ್ಟೆ ಚೀಲಗಳಿಗೆ ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದರು. ಕಟ್ಟಿಗೆಯ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿದ ಜಾಳಿಗೆಯಂಥ ಬಟ್ಟೆ. ಅದರಲ್ಲಿ ಚಿತ್ರ ಇರುವಷ್ಟು ಕಡೆ ಮಾತ್ರ ಬಣ್ಣ ಇಳಿಯಲು ದಾರಿ, ಉಳಿದೆಡೆ ಮುಚ್ಚಿದೆ. ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆದರೆ ಕೆಳಗಿನ ಬಟ್ಟೆಯಲ್ಲಿ ಚಿತ್ರ ಮೂಡಿರುತ್ತಿತ್ತು. ಅವಳು ಒಂದು ಚೀಲ ಎತ್ತಿಕೊಂಡು ಅಕ್ಷರದ ಮೇಲೆ ಕೈಯಾಡಿಸಿದಳು. ಬಣ್ಣ ಬೆರಳಿಗೆ ಸಿಗಲೇ ಇಲ್ಲ, ಬರೀ ಬಟ್ಟೆ ಸಿಕ್ಕಿತು.

"ಇದರಾಗ ಫೋಟೋ ಬರತೈತೇನ್ರಿ ಕಾಕಾ?"

"ಒಂದ ಬಣ್ಣಕ್ಕ ಒಂದ ಫ್ರೇಮು ತಂಗಿ. ಎಷ್ಟ ಬಣ್ಣ, ಅಷ್ಟ ಫ್ರೇಮು. ಒಂದಂಗಿ ಎರಡಂಗಿ ಮಾಡೋರಿಗೆ ಇದು ಹೊಂದಂಗಿಲ್ಲ. ಸಮಾಧಾನ ಬೇಕು."

ಆ ಕೊನೆಯ ಮಾತು ಕೇಳಿ ಅವಳ ಉತ್ಸಾಹ ಇಳಿಯಿತು. ಆದರೂ ಕೆಲವು ದಿನ ಹೋಗಿ ಕಲಿತಳು. ಅರ್ಧ ಕಲಿಯುವಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬ ವ್ಯಾಪಾರಿ ಸಬ್ಲಿಮೇಶನ್ ಎಂಬುದನ್ನು ತೋರಿಸಿದ. ಬಿಸಿಗೆ ಬಣ್ಣ ಹಬೆಯಾಗಿ ನೂಲಿನೊಳಗೇ ಸೇರುತ್ತದೆ, ಎಂದಿಗೂ ಬಿರುಕು ಬಿಡುವುದಿಲ್ಲ, ಫೋಟೋ ಇದ್ದ ಹಾಗೇ ಬರುತ್ತದೆ. ಆದರೆ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ ಹಿಡಿಯುತ್ತದೆ, ಅದೂ ಬಿಳಿ ಬಟ್ಟೆಯಾಗಬೇಕು. ಹತ್ತಿಗೆ ಹಿಡಿಯುವುದಿಲ್ಲ. ಹತ್ತಿಯ ಮೇಲೆ ನೇರವಾಗಿ ಫೋಟೋ ಮುದ್ರಿಸುವ ದೊಡ್ಡ ಯಂತ್ರವೂ ಅಲ್ಲೇ ಇತ್ತು. ಅದನ್ನು ಅವಳು ದೇವರಿಗೆ ಸುತ್ತು ಹಾಕಿದಂತೆ ಒಂದು ಸುತ್ತು ಬಂದು ನೋಡಿ ಹೊರಬಿದ್ದಳು. ಅದು ಅವಳ ಕೈಗೆ ಎಟುಕುವ ಮಾತಾಗಿರಲಿಲ್ಲ.

ಹೀಗೆ ಒಂದು ವಾರ ಹುಬ್ಬಳ್ಳಿ, ಒಂದು ವಾರ ಬನಹಟ್ಟಿ. ಯಾರಾದರೂ ಅಂಗಿ ಮಾಡಿಸಲು ಬಂದರೆ ಯಾವ ಪದ್ಧತಿಯಲ್ಲಿ ಮಾಡಿಕೊಡಲಿ ಎಂದು ಅವಳಿಗೇ ತಿಳಿಯದೆ ಹೊಯ್ದಾಡುತ್ತಿದ್ದಳು. "ಈ ಹುಡುಗಿ ಕಾಲಿಗೆ ಚಕ್ರಾ ಕಟಗೊಂಡು ಹುಟ್ಟೇತಿ," ಎಂದು ಅವ್ವ ಸಾತವ್ವ ನೆರೆಯವರ ಮುಂದೆ ಹೇಳುತ್ತಿದ್ದಳು.

ಅಂಥ ದಿನಗಳಲ್ಲೇ, ಬಿಸಿಲು ಏರುತ್ತಿದ್ದ ಕಾಲದಲ್ಲಿ, ಬೀಳಗಿ ಕಡೆಯಿಂದ ಇಬ್ಬರು ಬಂದರು. ಮುತ್ತಣ್ಣ ಒಂದು ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಅವನ ಜೊತೆ ಅವನ ಅಪ್ಪ ಅಪ್ಪಾಸಾಬ, ಹೆಗಲ ಮೇಲೆ ಕರಿ ಕಂಬಳಿ, ಕುರಿ ಕಾಯ್ದು ಬಿಸಿಲಲ್ಲೇ ಮಾಗಿದ ಮೈ. ಅವರ ಊರು ಹೊಳೆಬಸಾಪುರ ಹಿನ್ನೀರಿನಲ್ಲಿ ಮುಳುಗಿ ವರ್ಷಗಳೇ ಆಗಿದ್ದವು. ಊರಿನವರು ಚದುರಿ ಮೂರು ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿಕೊಂಡಿದ್ದರು. ಒಂದೇ ಓಣಿಯಲ್ಲಿ ಬೆಳೆದ ಹುಡುಗರು ಈಗ ಮದುವೆ ಮನೆಗಳಲ್ಲಿ ಭೇಟಿಯಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆ ರಜೆಯಲ್ಲಿ ಎಲ್ಲರನ್ನೂ ಸೇರಿಸಿ ಕಬಡ್ಡಿ ಆಡಿಸಬೇಕೆಂದು ಮುತ್ತಣ್ಣ ನಿಶ್ಚಯಿಸಿದ್ದ. ಆಡುವವರಿಗೆಲ್ಲ ಒಂದೇ ನಮೂನೆಯ ಅಂಗಿ, ಬೆನ್ನ ಮೇಲೆ ಹಳೆಯ ಊರಿನ ಚಿತ್ರ.

"ಊರಿಂದು ಇದೊಂದ ಫೋಟೋ ಉಳದೈತ್ರಿ ಮೇಡಂ," ಎಂದು ಮುತ್ತಣ್ಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಸಣ್ಣ ಫೋಟೋ ತೆಗೆದ. "ನಮ್ಮ ತಂಗಿ ಪೂನಮ್ ನಿಶ್ಚಿತಾರ್ಥದಾಗ ತಗದದ್ದು. ಟಿವಿಯಾಗ ಆಟಗಾರರು ಹಾಕ್ಕೊಂಡಿರತಾರಲ್ರಿ, ಹಂಗ ಮಿಂಚಬೇಕು ನೋಡ್ರಿ."

ಫೋಟೋದ ಬಣ್ಣ ಮಾಸಿ ಹಳದಿಯಾಗಿತ್ತು. ಒಂದು ಬೇವಿನ ಗಿಡ, ಅದರ ಹಿಂದೆ ಬೀರಪ್ಪನ ಗುಡಿಯ ಬಿಳಿ ಗೋಡೆ, ಪಕ್ಕದಲ್ಲಿ ಕಲ್ಲಿನ ಮನೆ, ಕಟ್ಟೆ, ದಪ್ಪ ಬಾಗಿಲು. ಬಾಗಿಲ ಬದಿಗೆ ಕೆಂಪು ಬಣ್ಣದಲ್ಲಿ ೧೪೭ ಎಂದು ಬರೆದಿತ್ತು. ಅದು ಅಪ್ಪಾಸಾಬನದೇ ಮನೆ. ಊರಿನ ಹುಡುಗರೆಲ್ಲ ಕಬಡ್ಡಿ ಆಡುತ್ತಿದ್ದದ್ದು ಆ ಮನೆಯ ಮುಂದಿನ ಬಯಲಿನಲ್ಲೇ.

ಅಪ್ಪಾಸಾಬ ಗೋಡೆಗೆ ತೂಗುಹಾಕಿದ್ದ ಅಂಗಿಯೊಂದನ್ನು ಮುಟ್ಟಿ ನೋಡಿ ಕೇಳಿದ: "ತಂಗೀ, ಇದು ತೊಳದ್ರ ಹೋಗತೈತೇನ?"

"ಇಲ್ರಿ ಅಜ್ಜಾರ."

"ಒಮ್ಮಿ ನೀರಾಗ ಹೋಗೇತಿ. ಇನ್ನೊಮ್ಮಿ ಹೋಗಬಾರದು ನೋಡವಾ."

ಹೋಗುವುದಿಲ್ಲ ಎಂದು ಅವಳು ಇನ್ನೊಮ್ಮೆ ಹೇಳಿದಳು. ಅವರು ಮೆಟ್ಟಿಲಿಳಿದು ಹೋದರು. ಮುದುಕ ನಂಬಿಕೊಂಡು ಹೋದನಲ್ಲ ಎನ್ನುವುದೇ ಅವಳಿಗೆ ಸಂಕಟವಾಯಿತು. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆ? ಮೀಸೆ ಉದುರಿದ ಹುಲಿ ಇನ್ನೂ ಊರಲ್ಲಿ ಓಡಾಡಿಕೊಂಡಿತ್ತು. ಊಟಕ್ಕೆ ಕೂತರೆ ಅನ್ನ ಕಲಸಿ ಹಾಗೇ ಬಿಡುತ್ತಿದ್ದಳು, ಅಂಗಡಿಯಲ್ಲಿ ಕೂತರೆ ಎದ್ದು ಬೀದಿಗೆ ಬರುತ್ತಿದ್ದಳು. ಕೊನೆಗೆ ಆ ಫೋಟೋವನ್ನೇ ತಾನು ಬಲ್ಲ ಎಲ್ಲ ಪದ್ಧತಿಗಳಲ್ಲಿ ಒಂದೊಂದು ಅಂಗಿಗೆ ಹಾಕಿ ಮನೆಗೆ ತಂದು, ಮೆಲ್ಲಗೆ ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೆಗೆಯತೊಡಗಿದಳು.

ಸಾತವ್ವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. "ಇದೇನ ಬೇ, ಕೂಸಿಗೆ ಎರದಂಗ ಮಾಡಾಕತ್ತೀದಿ! ಕಬಡ್ಡಿ ಆಡಿ ಬಂದ ಅಂಗಿ ಹಿಂಗ ಒಗೀತಾರೇನು? ಕೊಡಿಲ್ಲೆ."

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸಾಬೂನು ತಿಕ್ಕಿ, ಅಂಗಿಗಳನ್ನು ಒಗೆಯುವ ಕಲ್ಲಿಗೆ ಎತ್ತೆತ್ತಿ ಬಡಿದಳು. ಹಿಂಡಿ, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮತ್ತೆ ತಂದು ಬಡಿದಳು. ಮಗಳ ಮೇಲಿನ ಸಿಟ್ಟನ್ನೆಲ್ಲ ಆ ಅಂಗಿಗಳ ಮೇಲೆ ತೀರಿಸಿಕೊಂಡಂತಿತ್ತು. ದಿನವೂ ಇದೇ ನಡೆಯಿತು. ಕಾಗದದಿಂದ ಇಳಿಸಿದ್ದು ಬೇಗನೇ ಬಿರಿಯಿತು. ಹಾಳೆಯಂಥ ವಿನೈಲ್ ಕತ್ತರಿಸಿ ಅಂಟಿಸಿದ್ದರ ಅಂಚು ಎದ್ದು ಸುರುಳಿಯಾಯಿತು. ಪಾಲಿಯೆಸ್ಟರ್ ಮೇಲಿನ ಫೋಟೋ ಏನೂ ಆಗದೆ ಹೊಳೆಯುತ್ತಿತ್ತು. ಬನಹಟ್ಟಿಯಲ್ಲಿ ಒಂದೇ ಬಣ್ಣದಲ್ಲಿ ಹೊಡೆದ ಸ್ಕ್ರೀನ್ ಪ್ರಿಂಟೂ ನಿಂತಿತ್ತು. ಆದರೆ ಫೋಟೋವನ್ನು ಅದಕ್ಕೆ ಇಳಿಸಲು ಹೋಗಿ ಮನೆಯೆಲ್ಲ ಕರಿ ಕಲೆಯಾಗಿ, ಸುಟ್ಟ ರೊಟ್ಟಿಯ ಹಾಗೆ ಕಾಣುತ್ತಿತ್ತು.

ಉಳಿದ ಎರಡು ಅಂಗಿಗಳನ್ನು ಚೀಲಕ್ಕೆ ಹಾಕಿಕೊಂಡು ಬೀಳಗಿಯ ಬಸ್ಸು ಹತ್ತಿದಳು. ಪುನರ್ವಸತಿ ಕೇಂದ್ರದಲ್ಲಿ ಒಂದೇ ಅಳತೆಯ ನಿವೇಶನಗಳು, ನೇರವಾದ ರಸ್ತೆಗಳು. ಮುತ್ತಣ್ಣನ ಮನೆಯ ಮುಂದೆ ಹೆಂಗಸರು ಗಂಡಸರು ಸೇರಿದರು. ಮುತ್ತಣ್ಣ ಪಾಲಿಯೆಸ್ಟರ್ ಅಂಗಿಯನ್ನು ಎತ್ತಿ ಹಿಡಿದು, "ಇದ ಆಗಲ್ರಿ. ಹೆಂಗ ಮಿಂಚತೈತಿ ನೋಡ್ರಿ," ಎಂದ. ಹುಡುಗರೂ ಹೌದೆಂದರು. ಅವನ ಅವ್ವ ತಂಗೆವ್ವ ಮಾತ್ರ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ಕಣ್ಣು ಕಿರಿದು ಮಾಡಿ, ಬೆರಳಿನಿಂದ ಹುಡುಕುತ್ತ ಕೂತಳು.

"ನಮ್ಮ ಬಾಗಲಾ ಎಲ್ಲೈತೇ ಯವ್ವಾ ಇದರಾಗ?"

ಸಂಘಮಿತ್ರಾ ಬಗ್ಗಿ ನೋಡಿದಳು. ಅಂಗೈಯಷ್ಟಿದ್ದ ಮಾಸಿದ ಫೋಟೋವನ್ನು ಬೆನ್ನಿನಷ್ಟು ಹಿಗ್ಗಿಸಿದ್ದಕ್ಕೆ ಬಾಗಿಲು, ಕಟ್ಟೆ, ಗೋಡೆ ಎಲ್ಲ ಮಂಜಿನಂತೆ ಒಂದರೊಳಗೊಂದು ಕರಗಿಹೋಗಿದ್ದವು. ಬಣ್ಣ ಹೊಳೆಯುತ್ತಿತ್ತು, ಮನೆ ಇರಲಿಲ್ಲ. "ಇಲ್ಲೇ ಐತ್ರಿ ಅಮ್ಮಾರ," ಎಂದು ಅಂದಾಜಿನ ಮೇಲೆ ಒಂದು ಕಡೆ ಬೆರಳಿಟ್ಟಳು.

"ಹೂಂ, ಇದ್ದೀತು," ಎಂದಳು ತಂಗೆವ್ವ. ಅಂಗಿಯನ್ನು ಮಡಚಿ ವಾಪಸು ಕೊಟ್ಟಳು. "ಅರಿವಿ ಪ್ಲಾಸ್ಟಿಕ್ ಚೀಲಾ ಮುಟ್ಟಿದಂಗ ಆಗತೈತಿ. ಇರಲಿ, ಹುಡುಗೂರು ಹಾಕ್ಕೋತಾವ."

ಮುತ್ತಣ್ಣನಿಗೆ ಆಗಲಿ ಎಂದು ಹೇಳಿ ಅವಳು ಎದ್ದಳು. ಸುಲಭವಾದ ಕೆಲಸ. ಹುಬ್ಬಳ್ಳಿಗೆ ಕಳಿಸಿದರೆ ಅವರೇ ಮಾಡಿಕೊಡುತ್ತಾರೆ, ಅವಳು ಕೈ ಕೂಡ ಹಚ್ಚಬೇಕಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಸೀಟಿನ ಮೇಲೆ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದಳು. ಆ ಹೆಂಗಸು ಬಾಗಿಲು ಸಿಗದೆ "ಇದ್ದೀತು" ಎಂದದ್ದು ಕಿವಿಯಲ್ಲೇ ಕೂತಿತ್ತು.

ಮರುದಿನ ಬೆಳಗ್ಗೆ ಫೋಟೋದ ಮೇಲೆ ತೆಳು ಹಾಳೆ ಇಟ್ಟು, ಪೆನ್ಸಿಲ್ ಹಿಡಿದು ಮನೆಯನ್ನು ಗೆರೆಗಳಲ್ಲಿ ಬರೆಯತೊಡಗಿದಳು. ಫೋಟೋವನ್ನೇ ಅಂಗಿಗೆ ಇಳಿಸುವ ಹಟ ಬಿಟ್ಟರೆ ಒಂದು ದಾರಿ ಇತ್ತು. ಬರೀ ಗೆರೆಯಾದರೆ ಒಂದೇ ಬಣ್ಣ ಸಾಕು, ಒಂದೇ ಫ್ರೇಮು ಸಾಕು, ಹತ್ತಿಯ ಅಂಗಿಯೇ ಆಗುತ್ತದೆ. ಕಲ್ಲಿನ ಮೇಲೆ ಕಲ್ಲು, ಬಾಗಿಲ ಚೌಕಟ್ಟು, ಚಿಲಕ, ಕಟ್ಟೆಯ ಮೂಲೆ ಸವೆದ ಜಾಗ. ಭೂತಗನ್ನಡಿ ಹಿಡಿದು ಒಂದೊಂದನ್ನೇ ಹುಡುಕಿ ಬರೆದಳು. ಎಷ್ಟೋ ದಿನಗಳ ಮೇಲೆ ಅವಳು ಒಂದೇ ಜಾಗದಲ್ಲಿ ಅಷ್ಟು ಹೊತ್ತು ಕೂತದ್ದು. ಹಣಮಪ್ಪ ಚಹಾ ತಂದಿಟ್ಟು, ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದ. ನೋಡಿದವನು ಫೋಟೋವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ.

"ಹೊಳಿಬಸಾಪುರ ಅಲ್ಲೇನು ಇದು?"

"ಹೌದಪಾ. ನಿನಗ ಹೆಂಗ ಗೊತ್ತು?"

"ಈ ನಂಬರ ನನ್ನ ಕೈಲೆ ಬರದದ್ದು." ಅವನು ಬೆರಳಿನಿಂದ ೧೪೭ರ ಮೇಲೆ ಗಾಳಿಯಲ್ಲೇ ತಿದ್ದಿದ. "ಏಳಕ್ಕ ಬಾಲಾ ಉದ್ದ ಎಳದೀನಿ ನೋಡು. ಸಾಹೇಬ್ರು ಬೈತಿದ್ರು, ಏಳಾ ಏನೋ ಇದು, ಹಾವಾ ಏನೋ ಅಂತ. ಊರ ಮಂದಿಗೆಲ್ಲಾ ನಮ್ಮ ಮ್ಯಾಲ ಸಿಟ್ಟು. ಬಣ್ಣದ ಡಬ್ಬಿ ಕಂಡ್ರ ಹೆಣಮಕ್ಕಳು ಮಣ್ಣ ತೂರತಿದ್ರು. ಈ ಮನಿಯಾಕಿ ಮಾತ್ರ ಏನೂ ಅನಲಿಲ್ಲ. ಬರದಾದ ಮ್ಯಾಲ ಕಟ್ಟಿ ಮ್ಯಾಲ ಕುಂಡ್ರಿಸಿ ಮಜ್ಜಿಗಿ ಕೊಟ್ಲು. ತಮ್ಮನಿ ತಂಬಗಿಯಾಗ ಕೊಟ್ಲು, ಕೈಯಾಗ ಹಿಡಿಸಿ." ಅವನು ಫೋಟೋವನ್ನು ಮತ್ತೆ ಬೆಳಕಿಗೆ ಹಿಡಿದ. "ನಮ್ಮ ಕೇರಿಯವರಿಗೆ ಯಾರ್ ಮನ್ಯಾಗೂ ಹಂಗ ಕೊಡತಿದ್ದಿಲ್ಲ ಆವಾಗ, ಮ್ಯಾಲಿಂದ ಬೊಗಸ್ಯಾಗ ಸುರೀತಿದ್ರು. ಅದಾಳೇನ ಆಕಿ?"

"ಅದಾಳಪಾ."

ಚಿತ್ರದಲ್ಲಿ ಆ ಸಂಖ್ಯೆಯನ್ನು ಸಂಘಮಿತ್ರಾ ಬಿಟ್ಟಿದ್ದಳು. ಮನೆ ಮುಳುಗುತ್ತದೆಂದು ಬರೆದ ಗುರುತು, ಅದನ್ನು ಬೆನ್ನ ಮೇಲೆ ಯಾಕೆ ಹೊರಬೇಕು ಎಂದು ಅವಳ ಲೆಕ್ಕ. ಈಗ ಮತ್ತೆ ಮನಸ್ಸು ಕಲಕಿತು. ಮತ್ತೆ ಬೀಳಗಿಗೆ ಹೋದಳು. ಗೆರೆಯ ಚಿತ್ರವನ್ನು ಮುಂದಿಟ್ಟ ಕೂಡಲೇ ತಂಗೆವ್ವನ ಬೆರಳು ನೇರವಾಗಿ ಬಾಗಿಲಿಗೆ ಹೋಯಿತು. ಅಲ್ಲಿಂದ ಚಿಲಕಕ್ಕೆ, ಕಟ್ಟೆಯ ಸವೆದ ಮೂಲೆಗೆ. ಆಮೇಲೆ ಬಾಗಿಲ ಬದಿಯ ಖಾಲಿ ಜಾಗಕ್ಕೆ ಬಂದು ನಿಂತಿತು.

"ನಂಬರ ಎಲ್ಲಿ?"

"ಅದನ್ಯಾಕ ಹಾಕತೀ? ಬ್ಯಾಡ ಬಿಡು," ಎಂದ ಅಪ್ಪಾಸಾಬ.

"ಯಾಕ ಬ್ಯಾಡ? ಆ ನಂಬರ ಹೇಳಿ ಹೇಳಿ ಕಚೇರಿಗಿ ಅಡ್ಡಾಡೀವಿ. ಆ ನಂಬರ ಮ್ಯಾಲ ಈ ಜಾಗಾ ಸಿಕ್ಕೈತಿ. ಮನಿ ಹೋದ ಮ್ಯಾಲ ಮನಿ ಹೆಸರ ಅದ ಆತು. ಹಾಕ ಬೇ ನೀನು." ಗಂಡನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅಪ್ಪಾಸಾಬ ಕಂಬಳಿ ಸರಿಮಾಡಿಕೊಂಡ.

ಮುತ್ತಣ್ಣ ಒಪ್ಪಲಿಲ್ಲ. "ಇದೇನ್ರಿ, ಸಣ್ಣ ಹುಡುಗೂರು ಬರದಂಗ ಐತಿ! ಫೋಟೋ ಅಂದಿದ್ವಿ, ನೀವೂ ಹೂಂ ಅಂದಿದ್ರಿ."

ಅಂದಿದ್ದು ನಿಜ. ಹಿಂದಿನ ಸಂಘಮಿತ್ರಾ ಆಗಿದ್ದರೆ ಅಲ್ಲಿಗೇ ಬಿಟ್ಟು, ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದಳು. ಈ ಸಲ ನಿಂತು ಹೇಳಿದಳು: "ತಪ್ಪಾತ್ರಿ ಸರ್ರ, ಹೂಂ ಅನಬಾರದಿತ್ತು. ಫೋಟೋ ನಾ ಮಾಡೂದಿಲ್ಲ. ಬೇಕಂದ್ರ ಹುಬ್ಬಳ್ಳಿಯವರ ಫೋನ್ ನಂಬರ ಕೊಡತೀನಿ, ಅವರು ಛಲೋನ ಮಾಡಿ ಕೊಡತಾರ. ಆದ್ರ ನಿಮ್ಮವ್ವನ ಕೈಗಿ ಅದರಾಗ ಬಾಗಲಾ ಸಿಗಲಿಲ್ಲ. ನೀವ ನೋಡೀರಿ."

ಮುತ್ತಣ್ಣ ಅವ್ವನ ಕಡೆ ನೋಡಿದ. ಅವಳ ಬೆರಳು ಇನ್ನೂ ಹಾಳೆಯ ಮೇಲೆ ಆ ಮನೆಯ ಒಳಹೊರಗೆ ಓಡಾಡುತ್ತಿತ್ತು.

"ಕಬಡ್ಡಿಯಾಗ ಎಳದಾಡತಾರ್ರಿ. ಹರಿಯೂದಿಲ್ಲೇನು?" ಅವನ ಧ್ವನಿ ಇಳಿದಿತ್ತು.

ಅವಳು ಚೀಲದಿಂದ ಸಾತವ್ವ ಬಡಿದು ಬಡಿದು ಒಗೆದ ಸ್ಕ್ರೀನ್ ಪ್ರಿಂಟಿನ ಅಂಗಿ ತೆಗೆದುಕೊಟ್ಟಳು. "ಎಳೀರಿ." ಅವನು ಒಂದು ತುದಿ ಹಿಡಿದ, ಪಕ್ಕದ ಮನೆಯ ಪಾಂಡಪ್ಪ ಇನ್ನೊಂದು ತುದಿ ಹಿಡಿದ. ಇಬ್ಬರೂ ಅಂಕಣದಲ್ಲಿ ನಿಂತಂತೆ ಕಾಲೂರಿ ಎಳೆದರು. ಹೆಗಲ ಹೊಲಿಗೆ ಚರ್ರೆಂದಿತು. ಚಿತ್ರ ಬಟ್ಟೆಯ ಜೊತೆ ಹಿಗ್ಗಿ, ಬಿಟ್ಟ ಕೂಡಲೇ ಬಟ್ಟೆಯ ಜೊತೆಯೇ ಹಿಂದಕ್ಕೆ ಬಂತು.

"ಅಂಗಿ ಹರದೀತು, ಮನಿ ಹರಿಯೂದಿಲ್ಲ," ಎಂದ ಪಾಂಡಪ್ಪ. ಮುತ್ತಣ್ಣ ನಕ್ಕುಬಿಟ್ಟ.

ಕೆಲಸ ನೀಲಕಂಠರ ಶೆಡ್ಡಿನಲ್ಲಿ ಶುರುವಾಯಿತು. ಗೆರೆಗೆ ಕಪ್ಪು, ಸಂಖ್ಯೆಗೆ ಕೆಂಪು. ಅಂದರೆ ಎರಡು ಫ್ರೇಮು, ಮೊದಲನೆಯದರ ಮೇಲೆ ಎರಡನೆಯದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಹಣಮಪ್ಪ ಕರೆಯದಿದ್ದರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಮಗಳ ಜೊತೆ ಬಸ್ಸು ಹತ್ತಿದ. ಡಬ್ಬಿಯಲ್ಲಿ ಅವಳು ಕಲಸಿದ್ದ ಕೆಂಪನ್ನು ನೋಡಿ ತಲೆಯಲ್ಲಾಡಿಸಿದ.

"ಇಷ್ಟ ಕೆಂಪ ಇರಲಿಲ್ಲ. ಕೆಮ್ಮಣ್ಣ ಇತ್ತು ನೋಡು, ಅದರಂಗ."

ಅವನ ಮಾತಿನಂತೆ ಕಂದು ಬೆರೆಸುತ್ತ ಬೆರೆಸುತ್ತ ಹೋದಳು. ಅವನು ಹೂಂ ಎನ್ನುವವರೆಗೆ ಬೆರೆಸಿದಳು.

ಆದರೆ ಅಂದು ಬಿಸಿಲು ಸುಡುತ್ತಿತ್ತು. ಬಣ್ಣ ನೀರಿನಲ್ಲಿ ಕಲಸಿದ್ದು. ತಗಡಿನ ಕೆಳಗಿನ ಕಾವಿಗೆ ಅದು ಜಾಳಿಗೆಯಲ್ಲೇ ಒಣಗಿ ದಾರಿ ಮುಚ್ಚಿಕೊಂಡಿತು. ಗೆರೆಗಳು ತುಂಡು ತುಂಡಾಗಿ ಬಿದ್ದವು. ತೊಳೆದು ಮತ್ತೆ ಹಚ್ಚಿದಳು. ಮತ್ತೆ ಒಣಗಿತು. ಅವಸರಕ್ಕೆ ಎರಡನೆಯ ಫ್ರೇಮು ಸರಿದು ಮನೆಯ ನಂಬರು ಹೋಗಿ ಬೇವಿನ ಗಿಡದ ಮೇಲೆ ಕೂತಿತು. ಕೆಟ್ಟ ಅಂಗಿಗಳು ಮೂಲೆಯಲ್ಲಿ ಗುಡ್ಡೆಯಾಗತೊಡಗಿದವು. ಸಂಘಮಿತ್ರಾ ರಬ್ಬರ್ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದಳು. ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಹೀಟ್ ಪ್ರೆಸ್ಸೇ ಸಾಕಿತ್ತು, ಹುಬ್ಬಳ್ಳಿಯೇ ಸಾಕಿತ್ತು, ಕಚೇರಿಯ ಟೈಪೇ ಸಾಕಿತ್ತು. ಬಸ್ ಸ್ಟ್ಯಾಂಡಿನ ಕಡೆಯ ತಿರುವಿನವರೆಗೂ ಹೋದಳು.

ವಾಪಸು ಬಂದಾಗ ಅಪ್ಪ ಮತ್ತು ನೀಲಕಂಠ ಗೋಣಿತಾಟುಗಳನ್ನು ನೀರಲ್ಲಿ ಅದ್ದಿ ಕಿಟಕಿಗೆ, ಬಾಗಿಲಿಗೆ ಇಳಿಬಿಡುತ್ತಿದ್ದರು. ಫ್ಯಾನು ಬಂದ್ ಮಾಡಿದ್ದರು. ಅವಳು ಎಲ್ಲಿಗೆ ಹೋಗಿದ್ದಳೆಂದು ಯಾರೂ ಕೇಳಲಿಲ್ಲ.

"ನೀ ಎಳಿ. ನಾ ಅಂಗಿ ಹಿಡೀತೀನಿ, ಸರಿಯಂಗಿಲ್ಲ," ಎಂದ ಹಣಮಪ್ಪ. ಅಂಗಿಯ ಎರಡೂ ಹೆಗಲನ್ನು ಮೇಜಿಗೆ ಒತ್ತಿ ಹಿಡಿದು ನಿಂತ. ಬೆವರು ಕಣ್ಣಿಗಿಳಿದರೂ ಕೈ ತೆಗೆಯಲಿಲ್ಲ. ತಂಪಿಗೆ ಬಣ್ಣ ಸಲೀಸಾಗಿ ಇಳಿಯಿತು. ಬಾಗಿಲ ಬದಿಗೆ, ತನ್ನ ಜಾಗದಲ್ಲಿ, ಬಾಲ ಉದ್ದವಾದ ಏಳು ಬಂದು ಕೂತಿತು. ಆಮೇಲಿನ ದಿನಗಳಲ್ಲಿ ಜಮಖಂಡಿಯ ಹೀಟ್ ಪ್ರೆಸ್ಸಿನಲ್ಲೇ ಒಂದೊಂದು ಅಂಗಿಯನ್ನೂ ಕಾಯಿಸಿ ಬಣ್ಣ ಗಟ್ಟಿ ಮಾಡಿದಳು. ಸಾತವ್ವ ಒಂದನ್ನು ಎತ್ತಿಕೊಂಡು ಹೋಗಿ ಕಲ್ಲಿಗೆ ಬಡಿದು ಬಂದು, "ನಿಂತೈತಿ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಪಂದ್ಯದ ದಿನ ಅಪ್ಪ ಮಗಳು ಇಬ್ಬರೂ ಹೋದರು. ಪುನರ್ವಸತಿ ಕೇಂದ್ರದ ಬಯಲಿನಲ್ಲಿ ಮಣ್ಣು ಹದ ಮಾಡಿ ಅಂಕಣ ಬರೆದಿದ್ದರು. ಹೊಟ್ಟೆ ಬಂದವರು, ಕೂದಲು ಉದುರಿದವರು, ಹೊಸದಾಗಿ ಮೀಸೆ ಬಂದವರು, ಎಲ್ಲರ ಬೆನ್ನ ಮೇಲೂ ಅದೇ ಮನೆ. ಯಾರೋ ಯಾರನ್ನೋ ಹಿಡಿದೆಳೆದಾಗಲೆಲ್ಲ ಸಂಘಮಿತ್ರಾಳ ಕಣ್ಣು ಅಂಗಿಯ ಹೊಲಿಗೆಗೆ ಹೋಗುತ್ತಿತ್ತು. ಆಟ ನೋಡಲಾರದೆ ಜನರ ಹಿಂದೆ ಅತ್ತಿಂದಿತ್ತ ಅಡ್ಡಾಡಿದಳು. ಸೋತವರು ಯಾರು, ಗೆದ್ದವರು ಯಾರು ಎಂದು ಮುದುಕರು ಕೇಳುತ್ತಿರಲಿಲ್ಲ. ಬೆವರಿ ಬಂದು ಕೂತವರನ್ನು ತಿರುಗಿಸಿ ನಿಲ್ಲಿಸಿಕೊಂಡು, ಗುಡಿ ಇಲ್ಲಿ, ನಮ್ಮ ಓಣಿ ಇದರ ಹಿಂದೆ, ಬಾವಿ ಈ ಕಡೆ ಬರುತ್ತಿತ್ತು ಎಂದು ಬೆನ್ನ ಆಚೆಗೂ ಗಾಳಿಯಲ್ಲಿ ಬೆರಳಾಡಿಸಿ ಊರು ತೋರಿಸುತ್ತಿದ್ದರು.

ಹಣಮಪ್ಪನನ್ನು ಮುತ್ತಣ್ಣನ ಮನೆಯವರು ತಮ್ಮ ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದರು. ಪೂನಮ್ ತವರಿಗೆ ಬಂದಿದ್ದಳು, ಎಲ್ಲರಿಗೂ ಚಹಾ ಕೊಟ್ಟಳು. ಹಣಮಪ್ಪ ಚಹಾದ ಕಪ್ಪನ್ನು ಹಿಡಿದು ತಂಗೆವ್ವನನ್ನೇ ನೋಡುತ್ತಿದ್ದ. ಚಹಾ ಕುಡಿದಾಯಿತು, ಕಪ್ಪು ಕೆಳಗಿಟ್ಟಾಯಿತು, ಬಾಯಿ ತೆರೆಯಲಿಲ್ಲ. ಹೇಳದೇ ಎದ್ದುಬಿಡುತ್ತಾನೆಂದು ಸಂಘಮಿತ್ರಾಳಿಗೆ ಅನ್ನಿಸಿತು. ಎದ್ದೂ ಬಿಟ್ಟ. ಮೆಟ್ಟಿಲ ಬಳಿ ಹೋಗಿ ತಿರುಗಿದ.

"ಅಕ್ಕಾರ, ನಿಮ್ಮ ಮನಿಗಿ ಆ ನಂಬರ ಬರದಾಂವ ನಾನ ರೀ."

ಅಪ್ಪಾಸಾಬ ತಲೆಯೆತ್ತಿದ. ತಂಗೆವ್ವ ಹಣೆಗೆ ಕೈ ಅಡ್ಡ ಹಿಡಿದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಹೌದೇನು?" ಎಂದಳು. "ಅಕ್ಷರಾ ಛಲೋ ಇದ್ವು ಬಿಡಪಾ."

ಊಟ ಮಾಡದೆ ಹೋಗಬಾರದೆಂದು ತಂಗೆವ್ವ ಹಣಮಪ್ಪನ ಕೈ ಹಿಡಿದು ಒಳಗೆ ಕರೆದೊಯ್ದಳು.

ಆ ಬೇಸಿಗೆಯ ನಂತರ ಸಂಘಮಿತ್ರಾ ಸ್ಕ್ರೀನ್ ಪ್ರಿಂಟನ್ನೇ ಹಿಡಿದಳು. ಒಂದು ಅಂಗಿ, ಎರಡು ಅಂಗಿ ಕೇಳಿಕೊಂಡು ಬಂದವರಿಗೆ ಇದು ನನ್ನ ಕೆಲಸವಲ್ಲ ಎಂದು ನೇರವಾಗಿ ಹೇಳಿ ಬೇರೆಯವರ ಹತ್ತಿರ ಕಳಿಸುತ್ತಿದ್ದಳು. ಮದುವೆಯ ಮಾತು ಬಂದಾಗೆಲ್ಲ ಬನಹಟ್ಟಿಯಲ್ಲಿ ಕೆಲಸವಿದೆ ಎಂದು ಎದ್ದು ಹೋಗುವುದು ಮಾತ್ರ ಬಿಡಲಿಲ್ಲ. ಕೋಣೆ ಸಾಲದೆ ಎರಡು ಸಲ ಜಾಗ ಬದಲಿಸಿದಳು. ಕೂತಲ್ಲಿ ಕೂರದ ಸ್ವಭಾವ ಹೋಗಲಿಲ್ಲ, ಆದರೆ ಈಗ ಅದು ಅವಳನ್ನು ಕೆಲಸದಿಂದ ಕೆಲಸಕ್ಕೆ ಓಡಿಸದೆ ಒಂದೇ ಕೆಲಸದೊಳಗೆ ಓಡಾಡಿಸುತ್ತಿತ್ತು.

ಒಂದು ದಿನ ಮುಧೋಳದಿಂದ ಫೋನು ಬಂತು. ನಾಯಿ ಸಾಕುವವರ ಗುಂಪಿಗೆ ಅಂಗಿ ಬೇಕು, ಮುಧೋಳ ನಾಯಿಯ ಚಿತ್ರ ಹಾಕಬೇಕು, ಓಡುವ ನಾಯಿಯೇ ಆಗಬೇಕು. ಆ ಕಾಲುಗಳ ತೆಳುವು ಗೆರೆಯಲ್ಲಿ ಹೇಗೆ ಬಂದೀತು ಎಂದು ಯೋಚಿಸುತ್ತಲೇ ಅವಳು ಚಪ್ಪಲಿ ಮೆಟ್ಟಿದಳು. ನಾಯಿಯನ್ನು ಕಣ್ಣಾರೆ ನೋಡದೆ ಆಗುವ ಕೆಲಸವಲ್ಲ ಅದು. ಬಸ್ಸು ಹೊರಟುಬಿಟ್ಟಿತ್ತು. ಕೈಯೆತ್ತಿ ಕೂಗುತ್ತ ಓಡಿ, ಮುಂದಿನ ತಿರುವಿನಲ್ಲಿ ಹತ್ತಿಕೊಂಡಳು.